ಗೋಕರ್ಣದಲ್ಲಿ ಟೆಂಟ್ ವಾಸ: ಶನಿವಾರ ಬೇಡ, ಭಾನುವಾರ ಸಂಜೆ ಹೋಗಿ

ಓಂ ಬೀಚ್ ಕಡೆ ಟೆಂಟ್ ಬುಕ್ ಮಾಡುವವರು ದುಡ್ಡು ಕಟ್ಟುವ ಮೊದಲು ಟೆಂಟ್ ಸರಿಯಾಗಿ ಎಲ್ಲಿದೆ ಅಂತ ಕೇಳಿ. ನಮಗೆ ಫೋಟೋದಲ್ಲಿ ತೋರಿಸಿದ್ದು ಅಲೆಯ ಎದುರಿನ ಜಾಗ. ಕೊಟ್ಟಿದ್ದು ಗುಡ್ಡದ ಮೇಲೆ, ಗೇರು ಮರಗಳ ಹಿಂದೆ, ಕೆಂಪು ಕಲ್ಲಿನ ನೆಲದಲ್ಲಿ ಒತ್ತೊತ್ತಾಗಿ ನಿಲ್ಲಿಸಿದ್ದ ಟೆಂಟುಗಳಲ್ಲಿ ಒಂದನ್ನು. ಸಮುದ್ರ ನೋಡಬೇಕಂದ್ರೆ ಟಾಯ್ಲೆಟ್ ಹಿಂದಿನ ಬಂಡೆ ಹತ್ತಬೇಕು! "ಸದ್ದು ಕೇಳತ್ತಲ್ಲ ಸರ್" ಅಂದ ಅಲ್ಲಿನ ಹುಡುಗ. ಶನಿವಾರ ರಾತ್ರಿ ಕೇಳಿದ್ದು ಸ್ಪೀಕರ್ ಸದ್ದು ಮಾತ್ರ.

ಭಾನುವಾರ ಮಧ್ಯಾಹ್ನ ಎಲ್ಲರೂ ಗಂಟುಮೂಟೆ ಕಟ್ಟಿದ ಮೇಲೆ, ಜಗಳ ಮಾಡಿ ಕೆಳಗಿನ ತೆಂಗಿನ ತೋಟಕ್ಕೆ ಬಂದೆವು. ಆಮೇಲೆ ಹೇಳಿಕೊಳ್ಳುವಂಥ ಕೆಲಸ ಏನೂ ಮಾಡಲಿಲ್ಲ, ಅದಕ್ಕೇ ತಾನೇ ಹೋಗಿದ್ದು.

ಆದರೆ ಜಿಪ್ ಪೂರ್ತಿ ಎಳೆದು ಮಲಗಬೇಡಿ. ನಮ್ಮ ಉಸಿರಿನ ಆವಿಯೇ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತದೆ, ಬೆಳಗಿನ ಜಾವ ಒಂದೊಂದೇ ಹನಿ ಮುಖದ ಮೇಲೆ ಬೀಳುತ್ತದೆ. ಸೊಳ್ಳೆ ಪರದೆ ಮಾತ್ರ ಹಾಕಿ, ಗುಡ್ಡದ ಕಡೆಯ ಕಿಟಕಿಯನ್ನೂ ತೆರೆದಿಡಿ, ಯಾಕಂದ್ರೆ ರಾತ್ರಿ ಗಾಳಿ ಸಾಮಾನ್ಯವಾಗಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ. ಸ್ವಂತ ಟೆಂಟ್ ತರುವವರು ಜಾಗದವರ ಒಪ್ಪಿಗೆ ಕೇಳಿಕೊಳ್ಳಿ. ಮರಳಿನಲ್ಲಿ ಮಾಮೂಲಿ ಗೂಟ ನಿಲ್ಲುವುದಿಲ್ಲ, ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳಬೇಕು. ಅಲೆ ತಂದು ಬಿಟ್ಟ ಕಸಕಡ್ಡಿಯ ಸಾಲು ಕಾಣುತ್ತದಲ್ಲ, ಅದಕ್ಕಿಂತ ತುಂಬಾ ಮೇಲೆ ಇರಲಿ ಟೆಂಟ್. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ, ನೀರು ಆ ಗೆರೆಯನ್ನೂ ದಾಟಬಹುದು.

ಕ್ಯಾಂಪಿನ ಬಾರ್ಬೆಕ್ಯೂಗೆ ದುಡ್ಡು ಸುರಿಯಬೇಡಿ. ಊರೊಳಗೆ ಬನ್ನಿ. ಬಸ್ ಸ್ಟ್ಯಾಂಡ್ ಹತ್ತಿರದ ಗಲ್ಲಿಯಲ್ಲಿ ಬೋರ್ಡೂ ಇಲ್ಲದ ಒಂದು ಮನೆ ಹೋಟೆಲ್ ಸಿಕ್ಕಿತು. ನಾಲ್ಕೇ ಬೆಂಚು. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಬಂಗಡೆ ಸಾರು, ರವೆ ಹಚ್ಚಿ ಹುರಿದ ಮೀನು, ಕೊನೆಗೆ ಲೋಟದ ತುಂಬ ಕೋಕಂ ಕಡಿ. "ಇನ್ನೊಂದು ಸೌಟು ಹಾಕ್ತೆ" ಅನ್ನುತ್ತಲೇ ಬಡಿಸುವ ಅಮ್ಮ ಹಾಕಿಯೇ ಬಿಡುತ್ತಾರೆ, ಬೇಡ ಅನ್ನಲು ಬಾಯಿ ಬರಲ್ಲ. ಬೀಚಿನ ಕೆಫೆಯಲ್ಲಿ ಒಂದು ಪಾಸ್ತಾಗೆ ಕೊಟ್ಟ ದುಡ್ಡಿಗೆ ಇಲ್ಲಿ ಇಬ್ಬರ ಹೊಟ್ಟೆ ತುಂಬಿತು. ಎರಡು ಗಂಟೆ ದಾಟಿದರೆ ಮೀನು ಖಾಲಿ.

ರೈಲಲ್ಲಿ ಬರುವವರಿಗೆ: ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ದೂರ, ಆಟೋ ಹತ್ತುವ ಮೊದಲೇ ರೇಟು ಮಾತಾಡಿ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳ ಕಡೆ ನಡೆಯುವುದಾದರೆ ಬೆಳಕಿದ್ದಾಗಲೇ ವಾಪಸ್ ಬನ್ನಿ, ಕತ್ತಲಾದರೆ ಬಂಡೆ ದಾರಿ ಕಷ್ಟ. ಕತ್ತಲಾಗುತ್ತಾ ಬಂದ ಹಾಗೆ ದೋಣಿಯವರ ರೇಟು ಏರಿದ್ದನ್ನು ನಾವೇ ನೋಡಿದೆವು. ಮಳೆಗಾಲದಲ್ಲಂತೂ ಟೆಂಟಿನ ಯೋಚನೆಯೇ ಬೇಡ.