ಮಳೆಗಾಲ, ಸ್ವಿಚ್ ಲೈಟ್ ಮತ್ತು ಸ್ಲೇ ದ ಸ್ಪೈರ್

ಈ ಮಳೆಗಾಲದಲ್ಲಿ ನಾನು ಆಡುತ್ತಿರುವುದು ಒಂದೇ ವಿಡಿಯೋ ಗೇಮ್, ಕಾರ್ಡ್ ಹಿಡಿದು ಯುದ್ಧ ಮಾಡುವ ಸ್ಲೇ ದ ಸ್ಪೈರ್. ಹೊಸದೇನಲ್ಲ, 2019ರಲ್ಲಿ ಬಂದಿದ್ದು. ಅಮೆರಿಕದ ಸಿಯಾಟಲ್‌ನಲ್ಲಿ ಇಬ್ಬರು ಗೆಳೆಯರು ಸೇರಿ ಶುರು ಮಾಡಿದ ಮೆಗಾ ಕ್ರಿಟ್ ಅನ್ನುವ ಪುಟ್ಟ ಕಂಪನಿಯದ್ದು. ಆಮೇಲೆ ಇದರ ಹಾದಿ ಹಿಡಿದು ಎಷ್ಟೋ ಕಾರ್ಡ್ ಗೇಮ್‌ಗಳು ಬಂದವು, ಕೆಲವನ್ನು ಆಡಿಯೂ ನೋಡಿದೆ, ಆದರೂ ಮನಸ್ಸು ಇದಕ್ಕೇ ಬಂದು ನಿಲ್ಲುತ್ತದೆ.

ಶಿರಸಿ ಕಡೆಯ ಹಳ್ಳಿಯಲ್ಲಿ ಇದ್ದವರಿಗೆ ಜುಲೈ ಹೇಗಿರುತ್ತದೆ ಅಂತ ಗೊತ್ತು. ಕಾಡಿನಲ್ಲಿ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ, ಅದರ ಹಿಂದೆಯೇ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಆನ್‌ಲೈನ್ ಗೇಮ್‌ಗಳ ಮಾತೇ ಇಲ್ಲ. ನಿಂಟೆಂಡೊ ಕಂಪನಿಯ ಪುಟ್ಟ ಗೇಮ್ ಯಂತ್ರ ಸ್ವಿಚ್ ಲೈಟ್ ಈ ಊರಿಗೆ ಸರಿಯಾಗಿ ಹೊಂದುತ್ತದೆ. ಟಿವಿಗೆ ಜೋಡಿಸಲು ಬರುವುದಿಲ್ಲ, ಕೈಯಲ್ಲೇ ಹಿಡಿದು ಆಡಬೇಕು, ಒಮ್ಮೆ ಚಾರ್ಜ್ ಮಾಡಿದರೆ ಗೇಮ್ ನೋಡಿಕೊಂಡು 3ರಿಂದ 7 ಗಂಟೆ ಅಂತ ಕಂಪನಿ ಹೇಳುತ್ತದೆ. ಸ್ಲೇ ದ ಸ್ಪೈರ್‌ಗೆ ನೆಟ್ ಬೇಡ. ಅದಕ್ಕಿಂತ ದೊಡ್ಡ ಅನುಕೂಲ ಏನೆಂದರೆ ನಿಮ್ಮ ಸರದಿ ಬಂದಾಗ ಗೇಮ್ ಸುಮ್ನೆ ಕಾಯುತ್ತದೆ. ಒಳಗಿಂದ ಆಯಿ ಕರೆದರು ಅಂದರೆ ಬಟನ್ ಒತ್ತಿ ಪಕ್ಕಕ್ಕಿಟ್ಟು ಹೋಗಬಹುದು, ವಾಪಸ್ ಬಂದಾಗ ರಾಕ್ಷಸ ಎಲ್ಲಿ ನಿಂತಿದ್ದನೋ ಅಲ್ಲೇ ನಿಂತಿರುತ್ತಾನೆ. ಒಂದೇ ತಕರಾರು, 5.5 ಇಂಚಿನ ಪರದೆಯಲ್ಲಿ ಕಾರ್ಡಿನ ಮೇಲಿನ ಅಕ್ಷರ ತೀರಾ ಸಣ್ಣದು. ಕಣ್ಣಿಗೆ ಹತ್ತಿರ ಹಿಡಿದು ಓದಬೇಕು.

ಆಟ ಹೀಗೆ. ಒಂದು ಗೋಪುರ, ಅದನ್ನು ಹತ್ತಬೇಕು. ಹತ್ತುವ ದಾರಿಯಲ್ಲಿ ಯುದ್ಧ, ಅಂಗಡಿ, ಬೆಂಕಿ ಹಾಕಿಕೊಂಡು ಸುಧಾರಿಸಿಕೊಳ್ಳುವ ಜಾಗ. ಸತ್ತರೆ ಮತ್ತೆ ಕೆಳಗಿನಿಂದಲೇ. ಮೊದಲು ಸಿಗುವ ವೀರ ಐರನ್‌ಕ್ಲ್ಯಾಡ್, ಅವನಿಗೆ 80 ಜೀವ ಮತ್ತು 10 ಕಾರ್ಡು: ಹೊಡೆಯುವ ಸ್ಟ್ರೈಕ್ 5, ತಡೆಯುವ ಡಿಫೆಂಡ್ 4, ಬ್ಯಾಶ್ ಒಂದು. ಪ್ರತಿ ಸರದಿಗೆ 5 ಕಾರ್ಡ್ ಕೈಗೆ ಬರುತ್ತವೆ, ಕಾರ್ಡ್ ಹಾಕಲು ಖರ್ಚು ಮಾಡುವ ಎನರ್ಜಿ 3 ಸಿಗುತ್ತದೆ, ಅಷ್ಟರಲ್ಲಿ ಏನು ಮಾಡುತ್ತೀರೋ ಮಾಡಿ. ಎದುರಾಳಿ ಮುಂದೆ ಏನು ಮಾಡುತ್ತಾನೆ ಅನ್ನುವುದು ಅವನ ತಲೆಯ ಮೇಲೇ ಕಾಣುತ್ತದೆ. 14 ಹೊಡೆಯುತ್ತಾನೆ ಅಂದರೆ 14 ಅಂತಲೇ ಬರೆದಿರುತ್ತದೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಯಾವ ಕಾರ್ಡ್ ಬರುತ್ತದೆ ಅನ್ನುವುದು ಅದೃಷ್ಟ, ಬಂದಿದ್ದನ್ನು ಹೇಗೆ ಆಡಬೇಕು ಅನ್ನುವುದು ಪೂರ್ತಿ ನಮ್ಮ ಲೆಕ್ಕ.

ಲೆಕ್ಕ ಅಂದೆನಲ್ಲ, ಮೊದಲ ಹಂತದಲ್ಲೇ ಸಿಗುವ ಗ್ರೆಮ್ಲಿನ್ ನಾಬ್‌ನನ್ನು ನೋಡಿ. ಅವನಿಗೆ 80ಕ್ಕಿಂತ ಜಾಸ್ತಿ ಜೀವ. ಮೊದಲ ಸರದಿಯಲ್ಲಿ ಅವನು ಹೊಡೆಯುವುದಿಲ್ಲ, ಸುಮ್ನೆ ಕೂಗುತ್ತಾನೆ. ಆ ಕೂಗಿನ ನಂತರ ನೀವು ಸ್ಕಿಲ್ ಜಾತಿಯ ಕಾರ್ಡ್ ಹಾಕಿದಾಗಲೆಲ್ಲ ಅವನ ಶಕ್ತಿ 2 ಏರುತ್ತದೆ, ಡಿಫೆಂಡ್ ಕೂಡ ಸ್ಕಿಲ್ಲೇ! ಅಂದರೆ ರಕ್ಷಣೆ ಮಾಡಿಕೊಂಡಷ್ಟೂ ಅವನ ಏಟು ಜೋರಾಗುತ್ತದೆ. ಹಾಗಾಗಿ ಅವನು ಕೂಗುತ್ತಿರುವಾಗಲೇ ಪೂರ್ತಿ ಹೊಡೆತಕ್ಕೆ ಇಳಿಯಬೇಕು. ಕೈಯಲ್ಲಿ ಬ್ಯಾಶ್ ಮತ್ತು ಸ್ಟ್ರೈಕ್ ಇವೆ ಅಂದುಕೊಳ್ಳಿ. ಬ್ಯಾಶ್‌ಗೆ 2 ಎನರ್ಜಿ, 8 ಏಟು, ಜೊತೆಗೆ ಎದುರಾಳಿ 2 ಸರದಿ ದುರ್ಬಲನಾಗಿ ಪ್ರತಿ ಏಟನ್ನೂ ಒಂದೂವರೆ ಪಟ್ಟು ತಿನ್ನುತ್ತಾನೆ. ಸ್ಟ್ರೈಕ್‌ಗೆ 1 ಎನರ್ಜಿ, 6 ಏಟು. ಸ್ಟ್ರೈಕ್ ಮೊದಲು ಹಾಕಿ ಬ್ಯಾಶ್ ಆಮೇಲೆ ಹಾಕಿದರೆ 14. ಬ್ಯಾಶ್ ಮೊದಲು ಹಾಕಿದರೆ ಸ್ಟ್ರೈಕ್ 9 ಆಗಿ ಒಟ್ಟು 17. ಅದೇ ಎರಡು ಕಾರ್ಡು, ಅದೇ ಎನರ್ಜಿ. ಈ ಮೂರು ಏಟಿನ ವ್ಯತ್ಯಾಸ ಯುದ್ಧದ ಕೊನೆಯಲ್ಲಿ ಅವನ ಇನ್ನೊಂದು ಹೊಡೆತ ತಪ್ಪಿಸಿದ್ದನ್ನು ನೋಡಿದ್ದೇನೆ.

ಒಂದು ಸಂಜೆ ಜಗಲಿಯಲ್ಲಿ ಕೂತು ಇದನ್ನೇ ಆಡುತ್ತಿದ್ದೆ. ಮಾವ ಬಂದಿದ್ದರು. ಮಳೆ ಬಿಡುವು ಕೊಡದೆ ತೋಟದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಸಲು ಆಗುತ್ತಿರಲಿಲ್ಲ, ಮರ ಹತ್ತುವ ಕೊನೆಗೌಡ ಬಂದವನೂ ವಾಪಸ್ ಹೋಗಿದ್ದ. ಮಾವ ಇಸ್ಪೀಟಿನಲ್ಲಿ ಪಳಗಿದ ಕೈ. ಮದುವೆ ಮನೆಯಲ್ಲಿ ಊಟ ಮುಗಿದು ಜಮಖಾನ ಹಾಸಿದರೆ ರಮ್ಮಿಗೆ ಅವರಿಲ್ಲದೆ ಆಟ ಶುರುವಾಗುವುದಿಲ್ಲ. ಪಕ್ಕದಲ್ಲಿ ಕೂತು ಸುಮಾರು ಹೊತ್ತು ನೋಡಿದರು. ಯುದ್ಧ ಗೆದ್ದ ಮೇಲೆ ಮೂರು ಕಾರ್ಡ್ ತೋರಿಸಿ ಒಂದನ್ನು ತಗೋ ಅನ್ನುತ್ತದಲ್ಲ, ಅಲ್ಲಿ ನನ್ನನ್ನು ತಡೆದರು.

“ಇದ್ರಲ್ಲಿ ಬಿಡದು ಯಾವಾಗ ಕೂಸೇ? ಒಂದೆಲೆ ತಗಂಡ್ರೆ ಒಂದೆಲೆ ಬಿಡವು.”

ಸ್ಲೇ ದ ಸ್ಪೈರ್ ಬಗ್ಗೆ ಎಷ್ಟೋ ವಿಡಿಯೋ ನೋಡಿದ್ದೇನೆ, ಇಷ್ಟು ಚೊಕ್ಕವಾಗಿ ಯಾರೂ ಹೇಳಿದ್ದು ಕೇಳಿಲ್ಲ. ರಮ್ಮಿಯಲ್ಲಿ ಕೈಯಲ್ಲಿ 13 ಎಲೆ, ಒಂದು ಎತ್ತಿದರೆ ಒಂದು ಇಳಿಸಲೇಬೇಕು, ಆಟವೇ ನಮ್ಮನ್ನು ಅಂಕೆಯಲ್ಲಿ ಇಡುತ್ತದೆ. ಇಲ್ಲಿ ಹಾಗಿಲ್ಲ. ಗೆದ್ದಾಗಲೆಲ್ಲ ಬಹುಮಾನ ಅಂತ ಕಾರ್ಡ್ ಕೊಡುತ್ತಲೇ ಇರುತ್ತದೆ, ಕೊಟ್ಟಿದ್ದೆಲ್ಲ ತುಂಬಿಕೊಳ್ಳುತ್ತಾ ಹೋಗಬಹುದು. ಲೆಕ್ಕ ಹಾಕಿ ನೋಡಿ: 10 ಕಾರ್ಡಿನ ಕಟ್ಟು ಅಂದರೆ ಡೆಕ್‌ನಲ್ಲಿ ಎರಡು ಸರದಿಗೆ ಎಲ್ಲ ಕಾರ್ಡೂ ಒಮ್ಮೆ ಕೈಗೆ ಬಂದು ಹೋಗುತ್ತವೆ. ಅದೇ 30 ಕಾರ್ಡ್ ಆದರೆ ಆರು ಸರದಿ ಬೇಕು. ಎಂಥ ಅದ್ಭುತ ಕಾರ್ಡ್ ಇದ್ದರೂ ಅದು ಆರನೇ ಸರದಿಗೆ ಬಂದರೆ ಏನು ಪ್ರಯೋಜನ? ಹಂತದ ಕೊನೆಯ ದೊಡ್ಡ ರಾಕ್ಷಸ, ಅಂದರೆ ಬಾಸ್, ಅಷ್ಟರಲ್ಲಿ ನಮ್ಮನ್ನು ಮುಗಿಸಿರುತ್ತಾನೆ.

ಅದಕ್ಕೇ ಆ ಮೂರೂ ಕಾರ್ಡ್‌ಗಳ ಕೆಳಗೆ ಸ್ಕಿಪ್, ಅಂದರೆ ಯಾವುದೂ ಬೇಡ, ಅನ್ನುವ ಬಟನ್ ಇದೆ, ಆಟದ ಜೀವ ಇರುವುದು ಅಲ್ಲೇ ಅನ್ನುತ್ತೇನೆ ನಾನು. ಅಂಗಡಿಗೆ ಹೋದರೂ ಹಾಗೆಯೇ. ಹೊಳೆಯುವ ಹೊಸ ಕಾರ್ಡ್‌ಗಳನ್ನು ಬಿಟ್ಟು ಮೊದಲು 75 ಬಂಗಾರ ಕೊಟ್ಟು ಒಂದು ಹಳೇ ಸ್ಟ್ರೈಕ್ ತೆಗೆಸುತ್ತೇನೆ. ಮುಂದಿನ ಸಲ 100, ಅದರ ಮುಂದೆ 125, ಹೀಗೆ ರೇಟು ಏರುತ್ತದೆ. ಇದ್ದ ಕಾರ್ಡ್ ಕಳೆದುಕೊಳ್ಳಲು ದುಡ್ಡು ಕೊಡುವುದೇ ಅಂತ ನೋಡುವವರಿಗೆ ಅನಿಸಬಹುದು, ಆದರೆ ಈ ಗೇಮ್‌ನಲ್ಲಿ ಅದಕ್ಕಿಂತ ಒಳ್ಳೆಯ ವ್ಯಾಪಾರ ಕಡಿಮೆ. ಹಾಗಂತ ಏನೂ ತಗೊಳ್ಳಲೇಬಾರದು ಅಂತಲ್ಲ. ಶುರುವಿನಲ್ಲಿ ಗಟ್ಟಿ ಏಟಿನ ಕಾರ್ಡ್ ಒಂದೆರಡಾದರೂ ಬೇಕೇ ಬೇಕು, ಇಲ್ಲದಿದ್ದರೆ ನಾಬ್‌ನ ಮುಂದೆ ನಿಲ್ಲಲು ಆಗುವುದಿಲ್ಲ. ತಗೊಳ್ಳುವಾಗ ಮುಂದೆ ಯಾರು ಎದುರಾಗುತ್ತಾರೆ ಅನ್ನುವುದನ್ನು ನೆನಪಿಟ್ಟುಕೊಂಡು ತಗೊಳ್ಳಬೇಕು.

ನನ್ನ ಮೆಚ್ಚಿನ ಪಾತ್ರ ಸೈಲೆಂಟ್, ಬೇಟೆಗಾರ್ತಿ. ಅವಳ ವಿಷದ ಕಾರ್ಡ್‌ಗಳು ತುಂಬಾ ಚೆಂದ. 5 ವಿಷ ಹಾಕಿದರೆ ಮೊದಲ ಸರದಿಗೆ 5, ಆಮೇಲೆ 4, 3, 2, 1, ಒಟ್ಟು 15. ಕ್ಯಾಟಲಿಸ್ಟ್ ಅನ್ನುವ ಕಾರ್ಡ್ ಹಾಕಿ ಆ 5ನ್ನು 10 ಮಾಡಿದರೆ ಒಟ್ಟು 30 ಆಗುವುದಿಲ್ಲ, 55 ಆಗುತ್ತದೆ! ಇದು ಮೊದಲ ಸಲ ಹೊಳೆದಾಗ ಎದ್ದು ಕೂತಿದ್ದೆ. ವಿಷ ಹಾಕಿಯಾದ ಮೇಲೆ ಉಳಿದ ಸರದಿಯೆಲ್ಲ ಬರೀ ತಡೆಯುತ್ತಾ ಕೂತರೂ ಆಯ್ತು. ಉಳಿದಿಬ್ಬರು ಪಾತ್ರಗಳಾದ ಡಿಫೆಕ್ಟ್ ಮತ್ತು ವಾಚರ್ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಒಂದು ಪ್ಯಾರಾದಲ್ಲಿ ಮುಗಿಯುವಂಥವರಲ್ಲ ಅವರು.

ಈಗ ನಾನು ಬಿದ್ದಿರುವುದು ಹಾರ್ಟ್‌ನ ಹಿಂದೆ. ಮೂರನೇ ಹಂತ ಮುಗಿದ ಮೇಲೂ ಗೋಪುರದ ತುದಿಯಲ್ಲಿ ಒಂದು ಹೃದಯ ಇದೆ, ಅಲ್ಲಿಗೆ ಹೋಗಲು ಮೂರು ಕೀಲಿಕೈ ಬೇಕು, ಅದರಲ್ಲಿ ಎರಡಕ್ಕೆ ಏನಾದರೂ ಬಿಡಬೇಕು. ಒಂದಕ್ಕೆ ಬೆಂಕಿ ಪಕ್ಕದ ವಿಶ್ರಾಂತಿ ಬಿಡಬೇಕು, ಇನ್ನೊಂದಕ್ಕೆ ಪೆಟ್ಟಿಗೆಯಲ್ಲಿ ಸಿಕ್ಕ ರಿಲಿಕ್, ಅಂದರೆ ವಿಶೇಷ ಶಕ್ತಿಯ ವಸ್ತು, ಬಿಡಬೇಕು. ಹೃದಯಕ್ಕೆ 750 ಜೀವ, ಜೊತೆಗೆ ನಾವು ಒಂದೊಂದು ಕಾರ್ಡ್ ಹಾಕಿದಾಗಲೂ ನಮಗೆ ಒಂದು ಏಟು. ಸೈಲೆಂಟ್‌ನ ಪುಟ್ಟ ಪುಟ್ಟ ಚೂರಿ ಎಸೆಯುವ ಡೆಕ್ ಅಂದರೆ ನನಗೆ ಪ್ರಾಣ, ಆದರೆ ಅಷ್ಟೊಂದು ಚೂರಿ ಎಸೆದರೆ ನನ್ನ ಜೀವವೇ ಸೋರಿಹೋಗುತ್ತದೆ. ಚೂರಿ ಡೆಕ್‌ನಲ್ಲೇ ಹಾರ್ಟ್ ಗೆದ್ದವರು ಇದ್ದರೆ ಬ್ಲಾಕ್ (ಏಟು ತಡೆಯುವ ರಕ್ಷಣೆ) ಹೇಗೆ ಹೊಂದಿಸಿದಿರಿ ಅಂತ ದಯವಿಟ್ಟು ಹೇಳಿ, ವಿಷಕ್ಕೆ ಹೋಗು ಅನ್ನಬೇಡಿ.