ಬೀಜಿಂಗ್‌ನಲ್ಲಿ ಏನೂ ಆಗದ ಶನಿವಾರ

ನಮ್ಮ ಚಿಕ್ಕಪ್ಪ ಚೀನಾ ಸುದ್ದಿ ಓದಲು ಶುರು ಮಾಡಿದ್ದು 2020ರ ಜೂನ್‌ನಲ್ಲಿ, ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಹುತಾತ್ಮರಾದ ಮೇಲೆ. ಅಲ್ಲಿಂದ ಇಲ್ಲಿವರೆಗೂ ಬಿಟ್ಟಿಲ್ಲ. ಓದುತ್ತಾರೆ ಅನ್ನುವುದಕ್ಕಿಂತ, ಷಿ ಜಿನ್‌ಪಿಂಗ್ ಕುರ್ಚಿ ಯಾವಾಗ ಅಲ್ಲಾಡುತ್ತೆ ಅಂತ ಕಾಯುತ್ತಾರೆ ಅನ್ನುವುದೇ ಸರಿ. 2022ರ ಸೆಪ್ಟೆಂಬರ್ 24ರ ಶನಿವಾರ ಬೆಳಿಗ್ಗೆ ಅವರ ಫೋನ್ ಬಂತು.

"ಎದ್ಯೇನೋ? ಮುಗೀತು ಕಥೆ. ಷಿಯನ್ನ ಮನೇಲೇ ಕೂಡಿಹಾಕಿದಾರಂತೆ. ಸೈನ್ಯ ಬೀಜಿಂಗ್ ಒಳಗೆ ನುಗ್ಗಿದೆ."

"ಯಾರು ಹೇಳಿದ್ದು ಚಿಕ್ಕಪ್ಪಾ?"

"ಎಲ್ಲಾ ಕಡೆ ಇದೆ, ನೋಡು. ಟಿವಿಯೋರಿಗೆ ಗೊತ್ತಾಗೋಕೆ ಇನ್ನೂ ಮೂರು ದಿನ ಬೇಕು."

ಎಲ್ಲಾ ಕಡೆ ಇದ್ದದ್ದಂತೂ ನಿಜ. ಚೀನಾದಲ್ಲಿ ಕ್ಷಿಪ್ರಕ್ರಾಂತಿ ಅನ್ನುವ ಹ್ಯಾಷ್‌ಟ್ಯಾಗ್ ಟ್ವಿಟರ್‌ನಲ್ಲಿ ಓಡುತ್ತಿತ್ತು. ಸುಬ್ರಮಣಿಯನ್ ಸ್ವಾಮಿ ಕೂಡ ಅದರ ಬಗ್ಗೆ ಬರೆದಿದ್ದರು. ಇದು ವದಂತಿ, ನಿಜವೋ ಸುಳ್ಳೋ ನೋಡಬೇಕು ಅಂತಲೇ ಅವರು ಬರೆದದ್ದು. ಆದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬರುವಷ್ಟರಲ್ಲಿ ಆ ಅನುಮಾನದ ಭಾಗ ಎಲ್ಲೋ ಉದುರಿಹೋಗಿತ್ತು. "ಷಿ ಗೃಹಬಂಧನದಲ್ಲಿ" ಅನ್ನುವುದಷ್ಟೇ ಉಳಿದಿತ್ತು. ಕೆಳಗೆ ಕೈಮುಗಿಯುವ ಚಿಹ್ನೆಗಳ ಸಾಲು.

ರಜೆಯ ದಿನ, ಬೇರೆ ಕೆಲಸವೂ ಇರಲಿಲ್ಲ. ಒಂದೊಂದೇ ತುಣುಕನ್ನು ಬಿಡಿಸಿ ನೋಡೋಣ ಅಂತ ಕೂತೆ. ನನಗೆ ಆಶ್ಚರ್ಯವಾದದ್ದು ಇಲ್ಲಿ. ಎಲ್ಲವೂ ಹಸಿ ಸುಳ್ಳಿರಬಹುದು ಅಂದುಕೊಂಡಿದ್ದೆ. ಆದರೆ ಬಹುತೇಕ ತುಣುಕುಗಳಿಗೆ ಒಂದು ನಿಜದ ತುದಿ ಇತ್ತು.

ಷಿ ಉಜ್ಬೇಕಿಸ್ತಾನದ ಸಮರ್ಕಂಡ್‌ನಲ್ಲಿ ಶಾಂಘೈ ಸಹಕಾರ ಸಂಸ್ಥೆಯ ಸಭೆ ಮುಗಿಸಿ ಸೆಪ್ಟೆಂಬರ್ 16ರ ರಾತ್ರಿ ಬೀಜಿಂಗ್‌ಗೆ ವಾಪಸಾಗಿದ್ದರು. ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇದು ನಿಜ. ಸೆಪ್ಟೆಂಬರ್ 22ರಂದು ಮಾಜಿ ನ್ಯಾಯ ಮಂತ್ರಿ ಫು ಝೆಂಗ್‌ಹುವಾಗೆ, ಮರುದಿನ ಪೊಲೀಸ್ ಇಲಾಖೆಯ ಮಾಜಿ ಉಪಮಂತ್ರಿ ಸುನ್ ಲಿಜುನ್‌ಗೆ ಭ್ರಷ್ಟಾಚಾರದ ಕೇಸಿನಲ್ಲಿ ಮರಣದಂಡನೆಯ ತೀರ್ಪು ಬಂದಿತ್ತು, ಜಾರಿಗೆ ಎರಡು ವರ್ಷ ತಡೆ ಇಟ್ಟು. ಇದೂ ನಿಜ. ಮೂರು ವಾರದಲ್ಲಿ ಕಮ್ಯುನಿಸ್ಟ್ ಪಕ್ಷದ 20ನೇ ಮಹಾಧಿವೇಶನ, ಅಲ್ಲಿ ಷಿ ಮೂರನೇ ಅವಧಿಗೆ ಕೂರುವ ಅಂದಾಜು. ಅದೂ ನಿಜ. ಇವಿಷ್ಟರ ಮೇಲೆ ಬೀಜಿಂಗ್ ಕಡೆಗೆ ಹೊರಟ 80 ಕಿಲೋಮೀಟರ್ ಉದ್ದದ ಸೇನಾ ವಾಹನಗಳ ಸಾಲು ಅಂತ ಒಂದು ವಿಡಿಯೋ ಅಂಟಿಸಿದ್ದರು. ವಿಡಿಯೋ ನೋಡಿದೆ. ಲಾರಿಗಳು ಹೋಗುತ್ತಿವೆ, ಅಷ್ಟೇ. ಅವು ಎಲ್ಲಿಂದ ಎಲ್ಲಿಗೆ, ಯಾವತ್ತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. 80 ಕಿಲೋಮೀಟರಂತೂ ಮೇಲೆ ಬರೆದ ಸಾಲಿನಲ್ಲಿ ಮಾತ್ರ ಇತ್ತು.

ವಿಮಾನಗಳೆಲ್ಲ ರದ್ದಾಗಿವೆ ಅನ್ನುವುದು ಇನ್ನೊಂದು ತುಣುಕು. ಯಾವ ವಿಮಾನ ಎಲ್ಲಿ ಹಾರುತ್ತಿದೆ ಅಂತ ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರೇಡಾರ್ ಆ್ಯಪ್ ತೆರೆದೆ. ಬೀಜಿಂಗ್ ಮೇಲೆ ಬೆರಳಿಟ್ಟು ನಕ್ಷೆ ಹಿಗ್ಗಿಸಿದರೆ ಪುಟ್ಟ ಹಳದಿ ವಿಮಾನಗಳು ಸಾಲುಗಟ್ಟಿ ಇಳಿಯುತ್ತಿವೆ. ಒಂದನ್ನು ಒತ್ತಿದೆ. ಎತ್ತರದ ಅಂಕಿ ಕಡಿಮೆಯಾಗುತ್ತಾ ಬಂದು, ನೆಲ ಮುಟ್ಟಿ, ರನ್‌ವೇ ಬಿಟ್ಟು ಪಕ್ಕಕ್ಕೆ ತಿರುಗುವವರೆಗೂ ನೋಡಿದೆ. ಹಿಂದೆಯೇ ಇನ್ನೊಂದು. ಆ ದಿನಗಳಲ್ಲಿ ಚೀನಾದಲ್ಲಿ ವಿಮಾನ ರದ್ದಾಗುವುದು ಹೊಸದೇನಲ್ಲ, ಕೋವಿಡ್ ನಿಯಮ ಅಷ್ಟು ಬಿಗಿ ಇತ್ತು. ಆದರೆ ಸೈನ್ಯ ವಶಪಡಿಸಿಕೊಂಡ ಊರಲ್ಲಿ ಪ್ರಯಾಣಿಕರ ವಿಮಾನ ಹೀಗೆ ಒಂದರ ಹಿಂದೆ ಒಂದು ಇಳಿಯುವುದಿಲ್ಲ, ಅಲ್ವಾ?

ಸ್ಕ್ರೀನ್‌ಶಾಟ್ ಕಳಿಸಿದೆ. ಚಿಕ್ಕಪ್ಪನ ಉತ್ತರ ತಕ್ಷಣ ಬಂತು. "ಆ ಆ್ಯಪ್ ಯಾರದು, ಚೀನಾದೋರದೇ ಇರಬೇಕು."

"ಸ್ವೀಡನ್‌ನವರದು ಚಿಕ್ಕಪ್ಪಾ."

"ಅವರನ್ನೂ ಕೊಂಡ್ಕೊಂಡಿರ್ತಾರೆ ಬಿಡು."

ಇಂಥ ವಾದದಲ್ಲಿ ಗೆಲ್ಲುವುದು ಹೇಗೆ? ಚೀನಾ ಸುಮ್ಮನಿದ್ದರೆ ಏನೋ ಮುಚ್ಚಿಡುತ್ತಿದೆ ಅಂತ ಅರ್ಥ. ಅಲ್ಲ ಅಂದರೆ ಹೆದರಿ ಅಲ್ಲ ಅನ್ನುತ್ತಿದೆ ಅಂತ ಅರ್ಥ.

ನನಗೆ ಹೊಳೆದದ್ದು ಬೇರೆ ದಾರಿ. ಆಗ ಹೊರದೇಶದಿಂದ ಚೀನಾಕ್ಕೆ ಬಂದವರು ಏಳು ದಿನ ಸರ್ಕಾರ ಹೇಳಿದ ಕಡೆ, ಆಮೇಲೆ ಮೂರು ದಿನ ಮನೆಯಲ್ಲಿ ಕ್ವಾರಂಟೈನ್ ಇರಬೇಕಿತ್ತು. ಷಿಗೂ ಅದೇ ನಿಯಮವೇ ಅಂತ ಅಧಿಕೃತವಾಗಿ ಯಾರೂ ಹೇಳಿರಲಿಲ್ಲ. ಆದರೆ ಸಮರ್ಕಂಡ್‌ನಲ್ಲಿ ಪುಟಿನ್ ಜೊತೆ ಉಳಿದ ನಾಯಕರು ರಾತ್ರಿಯೂಟಕ್ಕೆ ಕೂತಾಗ ಷಿ ಹೋಗಿರಲಿಲ್ಲ, ಕೋವಿಡ್ ಭಯವೇ ಕಾರಣ ಅಂತ ಸುದ್ದಿಯಾಗಿತ್ತು. ಜುಲೈ 1ರಂದು ಹಾಂಗ್‌ಕಾಂಗ್‌ಗೆ ಹೋಗಿಬಂದ ಮೇಲೂ ಹತ್ತು ದಿನಕ್ಕಿಂತ ಜಾಸ್ತಿ ಕಾಣಿಸಿಕೊಂಡಿರಲಿಲ್ಲ. 16ಕ್ಕೆ ಹತ್ತು ಕೂಡಿಸಿದರೆ 26. ಚಿಕ್ಕಪ್ಪನಿಗೆ ಅಷ್ಟೇ ಬರೆದೆ. "ಮಂಗಳವಾರದ ಹೊತ್ತಿಗೆ ಬರ್ತಾರೆ, ನೋಡ್ತಿರಿ."

ಆ ವಾರಾಂತ್ಯ ಬೀಜಿಂಗ್‌ನಲ್ಲಿದ್ದ ಜರ್ಮನಿಯ ಡೇರ್ ಷ್ಪೀಗೆಲ್ ಪತ್ರಿಕೆಯ ವರದಿಗಾರ ಊರೆಲ್ಲ ಸುತ್ತಿ, ಯಾವ ಗಲಾಟೆಯೂ ಇಲ್ಲದ ಜಾಗಗಳ ಫೋಟೋ ಹಾಕಿ, ಕ್ಷಿಪ್ರಕ್ರಾಂತಿಯ ತನಿಖೆ ಮಾಡಿದೆ ಅಂತ ತಮಾಷೆ ಮಾಡಿದರು. ಭಾನುವಾರ ಪಕ್ಷದ ಅಧಿವೇಶನದ 2,296 ಪ್ರತಿನಿಧಿಗಳು ಆಯ್ಕೆಯಾದ ಸುದ್ದಿ ಬಂತು, ಅದರಲ್ಲಿ ಷಿ ಕೂಡ ಇದ್ದರು. ನಮ್ಮ ಗ್ರೂಪಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ. ಪಟ್ಟಿ ಓದಲು ಯಾರಿಗೆ ಬೇಕು?

ಮಂಗಳವಾರ, 27ರಂದು, ಚೀನಾದ ಸರ್ಕಾರಿ ಟಿವಿಯಲ್ಲಿ ಷಿ ಬಂದರು. ಬೀಜಿಂಗ್‌ನ ಒಂದು ಪ್ರದರ್ಶನದಲ್ಲಿ, ಪಕ್ಷದ ದೊಡ್ಡವರೆಲ್ಲ ಪಕ್ಕದಲ್ಲಿ, ಎಲ್ಲರ ಮುಖದ ಮೇಲೂ ಮಾಸ್ಕ್. ಚಿಕ್ಕಪ್ಪ ಹೇಳಿದಂತೆ ಸರಿಯಾಗಿ ಮೂರು ದಿನಕ್ಕೆ ಟಿವಿಯವರಿಗೆ ಗೊತ್ತಾಗಿತ್ತು! ಲಿಂಕ್ ಕಳಿಸಿದೆ.

"ಮಾಸ್ಕ್ ಹಾಕಿದಾನೆ, ಅವನೇ ಅಂತ ಹೇಗೆ ಹೇಳ್ತೀಯ?" ಅಂದರು.

ಷಿ ಜಾಗಕ್ಕೆ ಬರುತ್ತಾರೆ ಅಂತ ವದಂತಿಯಲ್ಲಿ ಹೆಸರಾಗಿದ್ದ ಜನರಲ್ ಲಿ ಚಿಯಾವೊಮಿಂಗ್ ಮುಂದೆ ಅದೇ ಷಿ ಕೈಕೆಳಗೆ ಭೂಸೇನೆಯ ಮುಖ್ಯಸ್ಥರಾದರು. ಅಧಿವೇಶನ ನಡೆಯಿತು, ಷಿ ಮೂರನೇ ಸಲ ಕೂತರು. ಅಕ್ಟೋಬರ್ 22ರಂದು ಮಾಜಿ ಅಧ್ಯಕ್ಷ ಹು ಜಿಂಟಾವೊ ಅವರನ್ನು ವೇದಿಕೆಯಿಂದ ಎಬ್ಬಿಸಿ ಕರೆದುಕೊಂಡು ಹೋದ ದೃಶ್ಯ ಬಂದಾಗ ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. ಅನಾರೋಗ್ಯ ಅಂತ ಚೀನಾದ ಸುದ್ದಿಸಂಸ್ಥೆ ಹೇಳಿತು. ಅದನ್ನು ನಂಬಬೇಕೋ ಬೇಡವೋ ಅನ್ನುವುದರಲ್ಲಿ ಮಾತ್ರ ನನಗೂ ಅವರಿಗೂ ಜಗಳ ಆಗಲಿಲ್ಲ. ಇಬ್ಬರೂ ನಂಬಲಿಲ್ಲ.

ಅವರನ್ನು ಆಡಿಕೊಂಡು ನಗುವುದು ಸುಲಭ. ಆದರೆ ಬಾಯಿ ಬಿಡದ ಸರ್ಕಾರದ ಮುಂದೆ ಊಹೆ ಮಾಡುವುದು ಹುಚ್ಚಲ್ಲ. 1971ರ ಸೆಪ್ಟೆಂಬರ್ 13ರಂದು ಮಾವೊ ಅವರ ಉತ್ತರಾಧಿಕಾರಿ ಅಂತಲೇ ಘೋಷಿತರಾಗಿದ್ದ ಲಿನ್ ಬಿಯಾವೊ ಇದ್ದ ವಿಮಾನ ಮಂಗೋಲಿಯಾದಲ್ಲಿ ಬಿತ್ತು. ಚೀನಾ ಉಸಿರೆತ್ತಲಿಲ್ಲ. ಆದರೆ ಅಕ್ಟೋಬರ್ 1ರ ರಾಷ್ಟ್ರೀಯ ದಿನದ ಮೆರವಣಿಗೆ ರದ್ದಾಯಿತು. ಇದನ್ನು ನೋಡಿ ಒಳಗೆ ಏನೋ ದೊಡ್ಡದಾಗಿದೆ ಅಂದುಕೊಂಡ ಹೊರಗಿನವರ ಊಹೆ ಸರಿಯಾಗಿಯೇ ಇತ್ತು. ಚೀನಾ ಜಗತ್ತಿಗೆ ಒಪ್ಪಿಕೊಂಡದ್ದು 1972ರಲ್ಲಿ. ಅಂದಿನ ಊಹೆಗಾರರು ರಾಯಭಾರ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಕೂತವರು. ತಪ್ಪಾದರೆ ಅವರ ಮರ್ಯಾದೆ ಹೋಗುತ್ತಿತ್ತು. ಇಂದು ಯೂಟ್ಯೂಬ್‌ನಲ್ಲಿ ಕೆಂಪು ಬಾಣ ಹಾಕಿ "ಷಿ ಔಟ್?" ಅಂತ ಬರೆಯುವವನಿಗೆ ತಪ್ಪಾದರೂ ದುಡ್ಡು ಬಂದಿರುತ್ತದೆ. ಪ್ರಶ್ನಾರ್ಥಕ ಚಿಹ್ನೆ ಬೇರೆ ಇದೆಯಲ್ಲ, ಕೇಳಿದರೆ ನಾನೆಲ್ಲಿ ಹೇಳಿದೆ ಅನ್ನಬಹುದು.

ನನಗೆ ಬೇಸರವಾಗುವುದು ಇನ್ನೊಂದಕ್ಕೆ. ಆ ಶನಿವಾರ ಗ್ರೂಪಿನಲ್ಲಿ ಪದೇ ಪದೇ ಬಂದ ಮಾತು, "ಚೀನಾ ಜನಕ್ಕೆ ಸಾಕಾಗಿದೆ, ಅವರೇ ಇಳಿಸ್ತಾರೆ." ಇದನ್ನು ಬರೆದವರಲ್ಲಿ ಒಬ್ಬರಿಗೂ ಚೀನಾದ ಒಬ್ಬ ಮನುಷ್ಯನ ಪರಿಚಯ ಇರಲಿಲ್ಲ. ಸಾಕಾಗಿದ್ದದ್ದು ನಮಗೆ. ಆದರೆ ಅಲ್ಲಿನ ಜನಕ್ಕೂ ನಿಜವಾಗಿ ಸಾಕಾಗಿತ್ತು ಅನ್ನುವುದೇ ತಮಾಷೆ. ಅಕ್ಟೋಬರ್ 13ರಂದು ಬೀಜಿಂಗ್‌ನ ಸಿಟೋಂಗ್ ಸೇತುವೆ ಮೇಲೆ ಒಬ್ಬ ಮನುಷ್ಯ ಒಂಟಿಯಾಗಿ ನಿಂತು ಲಾಕ್‌ಡೌನ್ ವಿರುದ್ಧ, ಷಿ ವಿರುದ್ಧ ಬ್ಯಾನರ್ ಇಳಿಬಿಟ್ಟ. ನವೆಂಬರ್ 24ರಂದು ಉರುಮ್ಚಿಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಬೆಂಕಿ ಬಿದ್ದು ಹತ್ತು ಜನ ಸತ್ತರು. ಲಾಕ್‌ಡೌನ್ ಇದ್ದದ್ದರಿಂದಲೇ ತಪ್ಪಿಸಿಕೊಳ್ಳಲಾಗಲಿಲ್ಲ ಅಂತ ಜನ ರೊಚ್ಚಿಗೆದ್ದರು. ಶಾಂಘೈನಲ್ಲಿ, ಬೀಜಿಂಗ್‌ನಲ್ಲಿ ಹುಡುಗ ಹುಡುಗಿಯರು ಏನೂ ಬರೆಯದ ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಶಾಂಘೈನಲ್ಲಿ ಷಿ ಕೆಳಗಿಳಿಯಲಿ ಅಂತ ಕೂಗಿದವರೂ ಇದ್ದರು. ಡಿಸೆಂಬರ್ 7ರಂದು ಸರ್ಕಾರ ಕೋವಿಡ್ ನಿಯಮ ಸಡಿಲಿಸಿತು.

ಚೀನಾದಲ್ಲಿ ಇಂಥದ್ದು ದಿನಾ ನಡೆಯುವುದಿಲ್ಲ. ನಮ್ಮ ಗ್ರೂಪಿನಲ್ಲಿ ಒಂದು ಮೆಸೇಜೂ ಇಲ್ಲ. ಆಗ ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿತ್ತು, ಎಲ್ಲರೂ ಮೆಸ್ಸಿ ಹಿಂದೆ. ಸಮರ್ಕಂಡ್‌ನಲ್ಲಿ ಮೋದಿ ಪುಟಿನ್‌ಗೆ ಇದು ಯುದ್ಧದ ಕಾಲ ಅಲ್ಲ ಅಂತ ಕ್ಯಾಮೆರಾ ಮುಂದೆಯೇ ಹೇಳಿದ್ದರು. ಆ ಮಾತು ನವೆಂಬರ್‌ನಲ್ಲಿ ಬಾಲಿಯ ಜಿ20 ಘೋಷಣೆಯಲ್ಲಿ ಸ್ವಲ್ಪ ಬದಲಾಗಿ ಸೇರಿಕೊಂಡಿತು. ಅದಕ್ಕೂ ಗ್ರೂಪಿನಲ್ಲಿ ಸಿಕ್ಕದ್ದು ಒಂದು ಚಪ್ಪಾಳೆ. ಕಣ್ಣ ಮುಂದೆ ನಡೆದದ್ದು ಯಾರಿಗೂ ರುಚಿಸುವುದಿಲ್ಲ, ಬಾಗಿಲ ಹಿಂದಿನದೇ ಬೇಕು.

2023ರ ಜುಲೈನಲ್ಲಿ ಚಿಕ್ಕಪ್ಪನ ದಿನ ಬಂತು. ಚೀನಾದ ವಿದೇಶಾಂಗ ಮಂತ್ರಿ ಚಿನ್ ಗಾಂಗ್ ಜೂನ್ 25ರ ನಂತರ ಎಲ್ಲೂ ಕಾಣಲಿಲ್ಲ. ಆರೋಗ್ಯ ಸರಿ ಇಲ್ಲ ಅಂತ ಮೊದಲು ಹೇಳಿದರು. "ಎತ್ತಿಬಿಟ್ಟಿದಾರೆ ಕಣೋ" ಅಂತ ಚಿಕ್ಕಪ್ಪ ವಾರಗಟ್ಟಲೆ ಹೇಳುತ್ತಲೇ ಇದ್ದರು. ಜುಲೈ 25ರಂದು ಮಂತ್ರಿ ಸ್ಥಾನದಿಂದ ತೆಗೆದು ವಾಂಗ್ ಯಿ ಅವರನ್ನು ವಾಪಸ್ ಕೂರಿಸಿದರು. ಯಾಕೆ ಅಂತ ಹೇಳಲಿಲ್ಲ.

"ಈಗೇನಂತೀಯ?"

"ನೀವು ಹೇಳಿದ್ದೇ ಸರಿ ಚಿಕ್ಕಪ್ಪಾ."

"ಹಂಗಾದ್ರೆ ಅವತ್ತಿಂದು ಮಾತ್ರ ಯಾಕೆ ಸುಳ್ಳು?"

ಒಳ್ಳೆಯ ಪ್ರಶ್ನೆ. ಸ್ವಲ್ಪ ಯೋಚಿಸಿ ಹೇಳಿದೆ. ಚಿನ್ ಗಾಂಗ್ ಸುಮ್ನೆ ಕಾಣದೇ ಹೋಗಿರಲಿಲ್ಲ, ಹೊರಗಿನವರಿಗೆ ಕೊಟ್ಟ ಮಾತು ತಪ್ಪಿತ್ತು. ಜಕಾರ್ತದ ಆಸಿಯಾನ್ ಸಭೆಗೆ ಅವರ ಬದಲು ವಾಂಗ್ ಯಿ ಹೋದರು. ಯುರೋಪಿಯನ್ ಒಕ್ಕೂಟದ ವಿದೇಶಾಂಗ ಮುಖ್ಯಸ್ಥರ ಬೀಜಿಂಗ್ ಭೇಟಿಯನ್ನೇ ಚೀನಾ ಮುಂದಕ್ಕೆ ಹಾಕಿತು. 1971ರ ಮೆರವಣಿಗೆಯೂ ಹಾಗೇ. 2012ರ ಸೆಪ್ಟೆಂಬರ್‌ನಲ್ಲಿ ಷಿ ಎರಡು ವಾರ ಮಾಯವಾದಾಗಲೂ ಹಿಲರಿ ಕ್ಲಿಂಟನ್ ಜೊತೆಗಿನ ಭೇಟಿ ಕೊನೇ ಗಳಿಗೆಯಲ್ಲಿ ರದ್ದಾಗಿತ್ತು. ಆಗ ಏನೋ ಆಗಿದ್ದಿರಬಹುದು, ಕಾರಣ ಇವತ್ತಿಗೂ ಹೇಳಿಲ್ಲ. ಆದರೆ 2022ರ ಆ ವಾರ ಷಿ ಯಾರನ್ನೂ ಭೇಟಿ ಮಾಡುವುದಾಗಿ ಹೇಳಿ ತಪ್ಪಿಸಿಕೊಂಡ ಸುದ್ದಿ ಇರಲಿಲ್ಲ. ಕಾಣದೇ ಇರುವುದು ಬೇರೆ, ಬರುತ್ತೇನೆ ಅಂದ ಕಡೆ ಬಾರದೇ ಇರುವುದು ಬೇರೆ.

ಚಿಕ್ಕಪ್ಪನಿಗೆ ಇದು ತುಂಬಾ ಹಿಡಿಸಿತು. "ಹೌದಲ್ವಾ!" ಅಂದರು. ಒಂದು ತಿಂಗಳು ಫೋನ್ ಇಲ್ಲ. ಆಗಸ್ಟ್ 22ರ ರಾತ್ರಿ ಬಂತು. ಜೊಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಗೆ ಹೋಗಿದ್ದ ಷಿ, ಉದ್ಯಮಿಗಳ ವೇದಿಕೆಯಲ್ಲಿ ಭಾಷಣ ಮಾಡಬೇಕಿದ್ದವರು ಬರಲಿಲ್ಲ, ವಾಣಿಜ್ಯ ಮಂತ್ರಿ ಓದಿದರು.

"ಬರ್ತೀನಿ ಅಂದಿದ್ದ ಕಡೆ ಬಂದಿಲ್ಲ ಕಣೋ! ನಿನ್ನ ರೂಲ್ ಪ್ರಕಾರ ಏನೋ ಆಗಿದೆ."

"ಚಿಕ್ಕಪ್ಪಾ, ಆಮೇಲೆ ರಾತ್ರಿಯೂಟಕ್ಕೆ ಬಂದಿದಾರೆ, ಫೋಟೋ ಇದೆ."

"ಮಾಸ್ಕ್ ಇದೆಯಾ?"

"ಇಲ್ಲ."

"ಸರಿ, ಜೂಮ್ ಮಾಡಿ ಕಳ್ಸು."