‘ಬರ್ತೀರಾ’ ಇಂದ ‘ಬರ್ತೀಯಾ’ಗೆ

ನಾನು ಡಬ್ಬಿಂಗ್ ಸಿನಿಮಾಗಳಿಗೆ ಕನ್ನಡದ ಮಾತು ಬರೆಯುತ್ತೇನೆ. ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ತಪ್ಪು ಅಂತ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ ಬೆಂಗಳೂರಿನಲ್ಲಿ ಮತ್ತೆ ಚಿಗುರಿದ ಕೆಲಸ ಇದು. ಹೇಳಿಕೊಡುವ ಹಿರಿಯರು ಕಡಿಮೆ. ಮಾಡ್ತಾ ಮಾಡ್ತಾ ಕಲಿಯಬೇಕು.

ಹೋದ ವರ್ಷ ಒಂದು ಅಮೆರಿಕದ ಸಿನಿಮಾ ಬಂತು. ಡೈವೋರ್ಸ್ ಆಗಿ ದೂರ ಇದ್ದ ಅಪ್ಪ, ನಾಲ್ಕು ವರ್ಷದ ಮೇಲೆ ಮಕ್ಕಳ ಹತ್ತಿರ ಬರುತ್ತಾನೆ. ಮಗಳಿಗೆ 13, ಮಗನಿಗೆ 6. ಜಾಸ್ತಿ ಮಾತಿಲ್ಲ, ಕೂಗಾಟವಿಲ್ಲ. ಬೇಗ ಮುಗಿಯುತ್ತೆ ಅಂದುಕೊಂಡೆ.

ನಮ್ಮ ಮನೆಯಲ್ಲಿ ಅಪ್ಪನಿಗೆ ‘ನೀವು’ ಅನ್ನುತ್ತೇವೆ. ಆ ರೂಢಿಯಲ್ಲೇ ಮಕ್ಕಳ ಮಾತನ್ನೆಲ್ಲ ‘ನೀವು’ ಹಾಕಿ ಬರೆದು ಕೊಟ್ಟೆ. ರಾಜಾಜಿನಗರದ ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಮಗಳ ಪಾತ್ರಕ್ಕೆ ದನಿ ಕೊಡುತ್ತಿದ್ದ ಮೇಡಂ ಕೊನೆಯ ಸೀನಿಗೆ ಬಂದಾಗ ಹೆಡ್‌ಫೋನ್ ತೆಗೆದಿಟ್ಟರು. ‘ಸರ್, ಈ ಹುಡುಗಿಗೆ ಅಪ್ಪನ ಮೇಲಿನ ಕೋಪ ಯಾವಾಗ ಇಳೀತು? ಮೊದಲನೇ ಸೀನಲ್ಲೂ ನೀವು, ಕೊನೇ ಸೀನಲ್ಲೂ ನೀವು. ನಾನು ಎಲ್ಲಿ ಬದಲಾಗಲಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಅಲ್ಲಿ ನಟಿಯ ಮುಖ ಹೇಳಿದ್ದನ್ನು ಕನ್ನಡದಲ್ಲಿ ಮಾತಿನ ಬಾಲವೇ ಹೇಳಿಬಿಡುತ್ತೆ. ‘ಬರ್ತೀರಾ’ ಬೇರೆ, ‘ಬರ್ತೀಯಾ’ ಬೇರೆ. ಅವತ್ತಿಗೆ ರೆಕಾರ್ಡಿಂಗ್ ನಿಲ್ಲಿಸಿದೆವು.

ರಾತ್ರಿ ಕೂತು ಸಿನಿಮಾವನ್ನು ಮತ್ತೆ ಶುರುವಿನಿಂದ ನೋಡಿದೆ. ಒಂದು ಕಡೆ ಮನೆಯ ಹಳೇ ವಿಡಿಯೋ ಬರುತ್ತೆ. ಮಗಳು ಇನ್ನೂ ಪುಟ್ಟವಳು, ಅಪ್ಪನ ಹೆಗಲ ಮೇಲೆ ಕೂತು ಅವನ ಕೂದಲು ಎಳೀತಿದ್ದಾಳೆ. ಆ ಮಗು ‘ನೀವು’ ಅನ್ನಲ್ಲ, ಖಂಡಿತ ‘ನೀನು’. ಹಾಗಾದರೆ ಈಗ? ‘ನೀನು’ ಅನ್ನುವಷ್ಟು ಸಲಿಗೆ ಉಳಿದಿಲ್ಲ. ‘ನೀವು’ ಅಂದರೆ ಯಾರೋ ದೂರದ ಅಂಕಲ್ ಜೊತೆ ಮಾತಾಡಿದ ಹಾಗೆ.

ಆಗ ನೆನಪಾಗಿದ್ದು ನಮ್ಮೂರಲ್ಲಿ ಮಾತು ಬಿಟ್ಟ ನೆಂಟರು. ಮದುವೆ ಮನೆಯಲ್ಲಿ ಎದುರುಬದುರಾದರೆ ‘ಊಟ ಆಯ್ತಾ?’ ಅನ್ನುತ್ತಾರೆ. ‘ಬಂದಿದ್ದು ಯಾವಾಗ?’ ಅನ್ನುತ್ತಾರೆ. ಅದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಮಾತಾಡಿದ ಹಾಗೂ ಆಯ್ತು, ಸೋಲಲಿಲ್ಲ ಅನ್ನೋ ಸಮಾಧಾನವೂ ಉಳೀತು.

ಮಗಳ ಮಾತನ್ನೆಲ್ಲ ಹಾಗೇ ತಿದ್ದಿದೆ. ‘ಕಾರು ಎಲ್ಲಿದೆ?’ ‘ಅಮ್ಮನಿಗೆ ಗೊತ್ತಾ?’ ‘ಹೊರಡೋಣ್ವಾ?’ ಒಂದೂವರೆ ಗಂಟೆ ಅವಳು ಅಪ್ಪನನ್ನು ಏನೂ ಅನ್ನದೆ ಮಾತಾಡುತ್ತಾಳೆ. ಕೊನೆಗೆ ಅವನು ಮನೆ ಮುಂದೆ ಇಳಿಸಿ ಹೊರಡುವಾಗ, ಕಾರಿನ ಕಿಟಕಿಗೆ ಬಗ್ಗಿ ಕೇಳುತ್ತಾಳೆ: ‘ಮುಂದಿನ ವಾರ ಬರ್ತೀಯಾ, ಅಪ್ಪ?’

ಈ ‘ಅಪ್ಪ’ ಇನ್ನೊಂದು ತೊಡಕು ತಂತು. ‘ಡ್ಯಾಡ್’ ಅನ್ನುವಾಗ ತುಟಿ ಮುಚ್ಚಲ್ಲ. ‘ಅಪ್ಪ’ ಅನ್ನಲು ಮುಚ್ಚಲೇಬೇಕು. ಕ್ಲೋಸಪ್ಪಿನಲ್ಲಿ ಇದು ಎದ್ದು ಕಾಣುತ್ತೆ. ‘ಡ್ಯಾಡಿ ಅಂತಲೇ ಇರಲಿ’ ಅಂದರು ಸೌಂಡ್ ಇಂಜಿನಿಯರ್. ನನಗೆ ಮನಸ್ಸು ಬರಲಿಲ್ಲ. ಮಾತು ಮುಗಿಸಿ ಅವಳು ಮುಖ ತಿರುಗಿಸುತ್ತಾಳೆ ಅಂತ ಗಮನಿಸಿದ್ದು ದನಿ ಕೊಟ್ಟ ಮೇಡಂ. ‘ಅಪ್ಪ’ವನ್ನು 12 ಫ್ರೇಮ್ ಮುಂದಕ್ಕೆ ತಳ್ಳಿ, ಮುಖ ತಿರುಗಿದ ಮೇಲೆ ಕೂರಿಸಿದೆವು. ಸೆಕೆಂಡಿಗೆ 24 ಫ್ರೇಮ್, ಅಂದರೆ ಅರ್ಧ ಸೆಕೆಂಡ್ ತಡ. ಅನ್ನಲೋ ಬೇಡವೋ ಅಂತ ತಡೆದು ಅಂದ ಹಾಗೆ ಕೇಳಿಸಿತು.

ಈಗ ಯಾವ ಸಿನಿಮಾ ಬಂದರೂ ಮೊದಲು ಒಂದು ಹಾಳೆ ತೆಗೆದು, ಯಾರು ಯಾರನ್ನು ಏನಂತ ಕರೀತಾರೆ ಅಂತ ಸೀನ್ ಪ್ರಕಾರ ಬರೆದುಕೊಳ್ಳುತ್ತೇನೆ. ಮುನಿಸಿಗೆ ಮುಂಚೆ ಏನು, ಆಮೇಲೆ ಏನು ಅಂತ ಬೇರೆ ಬೇರೆ. ಆ ಹಾಳೆ ಮುಗಿಯುವ ತನಕ ಒಂದು ಮಾತೂ ಬರೆಯಲ್ಲ. ಇದೇ ಸಿನಿಮಾಗೆ ಅಂಥ ಹಾಳೆ ಮಾಡುವಾಗ ಅಮ್ಮನ ಒಂದು ಮಾತು ಸಿಕ್ಕಿತು. ಬಾಗಿಲು ತೆಗೆದು ಅವಳು ಮಕ್ಕಳಿಗೆ ಹೇಳುವುದು, ಮೊದಲೂ ಕೊನೆಗೂ ಇಂಗ್ಲಿಷಿನಲ್ಲಿ ಅದೇ ವಾಕ್ಯ. ಕನ್ನಡದಲ್ಲಿ ಮೊದಲ ಸಲ ‘ನಿಮ್ಮಪ್ಪ ಬಂದಿದ್ದಾರೆ’ ಅಂತ ಇಟ್ಟೆ. ಕೊನೆಯ ಸಲ, ‘ಅಪ್ಪ ಬಂದ್ರು ನೋಡು’.